ಬೇರಿಂಗ್ ಹೊರಗೆ ಬಂತು, ಕೈಗೆ ಸಿಗಲಿಲ್ಲ

ಟೊಮೆಟೊ ಕ್ರೇಟು ಇಳಿಸುವಾಗ ನಮ್ಮ ದೊಡ್ಡಪ್ಪ ಟೆಂಪೋ ಮೇಲಿಂದ ಬಿದ್ದರು. ತಲೆಗೆ ಪೆಟ್ಟು. ಕೋಲಾರದಲ್ಲೇ ಒಂದು ಸ್ಕ್ಯಾನಿಂಗ್ ಸೆಂಟರ್‌ಗೆ ಕರೆದುಕೊಂಡು ಹೋದರೆ ಅಲ್ಲಿನ ಹುಡುಗ ಬಾಗಿಲಲ್ಲೇ ನಿಂತು, "ಟ್ಯೂಬ್ ಹೋಗಿದೆ ಸಾರ್, ಹೊಸದು ಬರೋಕೆ ಎಂಟು ಹತ್ತು ದಿನ ಆಗುತ್ತೆ, ಬೆಂಗಳೂರಿಗೆ ಕರ್ಕೊಂಡು ಹೋಗ್ಬಿಡಿ" ಅಂದ. ದೊಡ್ಡಪ್ಪ ಕಾರಿನ ಹಿಂದಿನ ಸೀಟಲ್ಲಿ ತಲೆ ಹಿಡಿದುಕೊಂಡೇ, "ಟ್ಯೂಬ್ ಹೋದ್ರೆ ಬೇರೆ ತಂದು ಹಾಕ್ಬಾರ್ದೇನಪ್ಪ" ಅಂತ ಕೇಳಿದರು. ಅವರ ಮನಸ್ಸಿನಲ್ಲಿದ್ದದ್ದು ಟ್ಯೂಬ್‌ಲೈಟು. ಬೆಂಗಳೂರಿನಲ್ಲಿ ಸ್ಕ್ಯಾನ್ ಆಯಿತು, ಒಳಗೆ ರಕ್ತ ಹೆಪ್ಪುಗಟ್ಟಿರಲಿಲ್ಲ, ಮೂರು ದಿನಕ್ಕೆ ಮತ್ತೆ ಮಂಡಿಗೆ ಹೋದರು. ಆದರೆ ಅವರ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು. ಸಿಟಿ ಸ್ಕ್ಯಾನ್ ಮಿಷನ್ನಿನಲ್ಲಿ ಎಕ್ಸ್‌ರೇ ಹುಟ್ಟಿಸೋ ಟ್ಯೂಬ್ ಯಾಕೆ ಹೋಗುತ್ತೆ? ಹೋದರೆ ರಿಪೇರಿ ಯಾಕೆ ಆಗಲ್ಲ?

ಕೋಲಾರದವರಿಗೆ ಇದನ್ನು ಬಿಡಿಸಿ ಹೇಳೋದು ಸುಲಭ, ಯಾಕಂದರೆ ನಮಗೆ ಬೋರ್‌ವೆಲ್ ಗೊತ್ತು. ಸಾವಿರದಿನ್ನೂರು ಅಡಿ ಕೆಳಗೆ ಬಿಟ್ಟ ಮೋಟಾರ್‌ನಲ್ಲಿ ಒಂದು ಸಣ್ಣ ಬೇರಿಂಗ್ ಸವೆದರೂ ಸಾಕು. ಬೇರಿಂಗ್ ಬೆಲೆ ಎಷ್ಟೋ ಇರಲಿ, ಗಾಡಿ ಕರೆಸಬೇಕು, ಪೈಪೆಲ್ಲ ಎತ್ತಬೇಕು, ಮೋಟಾರ್ ಬಿಚ್ಚಬೇಕು, ಮತ್ತೆ ಇಳಿಸಬೇಕು. ಕೆಟ್ಟಿದ್ದು ಚಿಕ್ಕದು, ಅದು ಕೂತಿರೋ ಜಾಗ ಮಾತ್ರ ಕೈಗೆ ಸಿಗದ ಜಾಗ. ಎಕ್ಸ್‌ರೇ ಟ್ಯೂಬ್ ಕಥೆಯೂ ಹೀಗೇ. ಒಂದೇ ವ್ಯತ್ಯಾಸ ಅಂದರೆ, ಅಲ್ಲಿ ಪೈಪ್ ಎತ್ತೋಕೂ ಆಗಲ್ಲ.

ಒಳಗೆ ನಡೆಯೋದು ಇಷ್ಟು. ಗಾಳಿ ಪೂರ್ತಿ ತೆಗೆದ ಒಂದು ಬುರುಡೆ. ಒಂದು ಕಡೆ ಕ್ಯಾಥೋಡ್, ಅಂದರೆ ಬಲ್ಬಿನ ತಂತಿ ತರಹ ಕಾದು ಎಲೆಕ್ಟ್ರಾನ್ ಉಗುಳುವ ಫಿಲಮೆಂಟ್. ಇನ್ನೊಂದು ಕಡೆ ಆನೋಡ್, ಟಂಗ್‌ಸ್ಟನ್ ಹಚ್ಚಿದ ಒಂದು ತಟ್ಟೆ. ನಡುವೆ 120 ಕಿಲೋವೋಲ್ಟ್ ಕೊಟ್ಟರೆ ಎಲೆಕ್ಟ್ರಾನ್‌ಗಳು ಹಾರಿಹೋಗಿ ತಟ್ಟೆಗೆ ಬಡಿಯುತ್ತವೆ, ಎಕ್ಸ್‌ರೇ ಹೊರಡುತ್ತದೆ. ಎಡವಟ್ಟು ಏನೆಂದರೆ ಕೊಟ್ಟ ಶಕ್ತಿಯಲ್ಲಿ ಎಕ್ಸ್‌ರೇ ಆಗೋದು ಶೇಕಡ 1ಕ್ಕೂ ಕಡಿಮೆ. ಮಿಕ್ಕಿದ್ದೆಲ್ಲ ಬಿಸಿ. 120 ಕಿಲೋವೋಲ್ಟ್‌ಗೆ 500 ಮಿಲಿಆಂಪ್ ಅಂದರೆ 60 ಕಿಲೋವ್ಯಾಟ್, ನಮ್ಮ ಲೆಕ್ಕದಲ್ಲಿ 80 ಎಚ್‌ಪಿ. ಹತ್ತು ಎಚ್‌ಪಿಯ ಎಂಟು ಬೋರ್ ಮೋಟಾರ್‌ಗಳ ಶಕ್ತಿಯನ್ನೆಲ್ಲ ರಾಗಿ ಕಾಳಿನಷ್ಟು ಜಾಗಕ್ಕೆ ಸುರಿದ ಹಾಗೆ. ಕೆಲವೇ ಸೆಕೆಂಡ್ ಇರಬಹುದು, ಆದರೂ ಟಂಗ್‌ಸ್ಟನ್ ಕರಗೋದು 3,422 ಡಿಗ್ರಿಗೆ, ತಟ್ಟೆ ನಿಂತಲ್ಲೇ ನಿಂತಿದ್ದರೆ ಅದೂ ಕರಗಿಹೋಗುತ್ತದೆ.

ಅದಕ್ಕೇ ತಟ್ಟೆಯನ್ನು ತಿರುಗಿಸುತ್ತಾರೆ. ಮುಸುಕಿನ ಜೋಳದ ತೆನೆಯನ್ನು ಕೆಂಡದ ಮೇಲೆ ತಿರುಗಿಸ್ತಾ ಸುಡುತ್ತೇವಲ್ಲ, ಅದೇ ಉಪಾಯ. 1929ರಲ್ಲಿ ಫಿಲಿಪ್ಸ್ ಕಂಪನಿ ರೋಟಾಲಿಕ್ಸ್ ಅನ್ನೋ ಟ್ಯೂಬಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇವತ್ತಿಗೂ ಹೆಚ್ಚಿನ ಟ್ಯೂಬ್‌ಗಳು ಅದೇ ಮನೆತನದವು. ತಟ್ಟೆಗೆ ಒಂದು ದಂಡ, ದಂಡಕ್ಕೆ ತಾಮ್ರದ ರೋಟರ್, ಅಂದರೆ ಮೋಟಾರ್‌ನ ತಿರುಗುವ ಭಾಗ, ಎರಡೂ ಬುರುಡೆಯ ಒಳಗೆ. ಮೋಟಾರ್‌ನ ನಿಂತ ಭಾಗವಾದ ಸ್ಟೇಟರ್ ಕಾಯಿಲ್ ಮಾತ್ರ ಹೊರಗೆ. ಗಾಜಿನ ಆಚೆಯಿಂದಲೇ ಕಾಯಿಲ್ ರೋಟರ್ ಅನ್ನು ನಿಮಿಷಕ್ಕೆ 3,000ದಿಂದ 10,000 ಸುತ್ತು ತಿರುಗಿಸುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರೋ ನನ್ನ ಸ್ನೇಹಿತನಿಗೆ ಇಷ್ಟು ಹೇಳಿದ್ದೇ ತಡ, "ಬೇರಿಂಗ್‌ಗೆ ಗ್ರೀಸ್ ಎಲ್ಲಿಂದ ಹಾಕ್ತಾರೆ?" ಅಂದ.

ಸರಿಯಾದ ಪ್ರಶ್ನೆ. ಹಾಕೋಕೆ ಆಗಲ್ಲ. ಗಾಳಿಯಿಲ್ಲದ ಜಾಗದಲ್ಲಿ ಎಣ್ಣೆ ಇಟ್ಟರೆ ಆವಿಯಾಗಿ ವ್ಯಾಕ್ಯೂಮ್ ಕೆಡುತ್ತದೆ, ವ್ಯಾಕ್ಯೂಮ್ ಕೆಟ್ಟರೆ ಒಳಗೆ ಕಿಡಿ ಹಾರುತ್ತದೆ, ಸರ್ವಿಸ್ ಇಂಜಿನಿಯರ್‌ಗಳು ಆರ್ಕಿಂಗ್ ಅನ್ನೋದು ಇದಕ್ಕೇ. ಆದ್ದರಿಂದ ಸ್ಟೀಲ್ ಗುಂಡುಗಳಿಗೆ ಬೆಳ್ಳಿಯನ್ನೋ ಸೀಸವನ್ನೋ ತೆಳ್ಳಗೆ ಲೇಪಿಸಿ, ಅದೇ ಜಾರುಕ ಅಂತ ನಂಬಿ ಓಡಿಸುತ್ತಾರೆ. ಮೇಲಿಂದ ಬಿಸಿ ಬೇರೆ. ತಟ್ಟೆ ಸಾವಿರ ಡಿಗ್ರಿ ದಾಟಿ ಕೆಂಪಗೆ ಹೊಳೆಯುತ್ತಿರುತ್ತದೆ, ಆ ಬಿಸಿ ಆಚೆ ಹೋಗೋಕೆ ಸರಿಯಾದ ದಾರಿ ಇಲ್ಲ. ಫ್ಲಾಸ್ಕಿನಲ್ಲಿ ಕಾಫಿ ಯಾಕೆ ಆರಲ್ಲ? ಸುತ್ತ ವ್ಯಾಕ್ಯೂಮ್ ಇರೋದಕ್ಕೆ. ಟ್ಯೂಬ್ ಕೂಡ ಒಂದು ಫ್ಲಾಸ್ಕೇ. ಬೆಳಕಾಗಿ ಚೆಲ್ಲಿದಷ್ಟೇ ತಣ್ಣಗಾಗೋದು, ಉಳಿದ ಸ್ವಲ್ಪ ಬಿಸಿ ದಂಡದ ಮೂಲಕ ಹರಿದು ಬೇರಿಂಗ್‌ಗೇ ಹೋಗಿ ಕೂರುತ್ತದೆ. ಲೇಪ ಸವೆಯುತ್ತದೆ, ಶಬ್ದ ಶುರುವಾಗುತ್ತದೆ, ತಟ್ಟೆ ಅಲುಗುತ್ತದೆ, ಒಂದು ದಿನ ನಿಂತೇ ಬಿಡುತ್ತದೆ. ಬುರುಡೆ ಒಡೆಯದೆ ಒಳಗೆ ಕೈ ಹಾಕೋಕಾಗಲ್ಲ. ಆದ್ದರಿಂದ ಇಡೀ ಟ್ಯೂಬ್ ಬದಲಿಸಬೇಕು, ಲಕ್ಷಗಟ್ಟಲೆ ದುಡ್ಡು.

ಇಷ್ಟೂ ಸಾಲದು ಅಂತ ಸಿಟಿ ಸ್ಕ್ಯಾನ್ ಮಿಷನ್ನಿನಲ್ಲಿ ಟ್ಯೂಬ್ ಇಡಿಯಾಗಿ ಗ್ಯಾಂಟ್ರಿ, ಅಂದರೆ ರೋಗಿ ಮಲಗಿ ಹೋಗುವ ಆ ದೊಡ್ಡ ಬಳೆಯ ಒಳಗೆ, ರೋಗಿಯ ಸುತ್ತ ಸುತ್ತುತ್ತದೆ. ಅರ್ಧ ಸೆಕೆಂಡಿಗೆ ಒಂದು ಸುತ್ತು, ಮಧ್ಯದಿಂದ 60 ಸೆಂಟಿಮೀಟರ್ ದೂರ ಅಂತ ಇಟ್ಟುಕೊಂಡರೆ, ಒಳಗಿನ ಪ್ರತಿ ಭಾಗದ ತೂಕ ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ. ಕಾಲು ಸೆಕೆಂಡಿಗೆ ಒಂದು ಸುತ್ತಾದರೆ ನಲವತ್ತು ಪಟ್ಟಿನ ಹತ್ತಿರ. ಐದು ಕಿಲೋ ತಟ್ಟೆ ಇನ್ನೂರು ಕಿಲೋ ಆಗಿ ಆ ಬಡಪಾಯಿ ಬೆಳ್ಳಿ ಲೇಪದ ಗುಂಡುಗಳ ಮೇಲೆ ಕೂತ ಹಾಗೆ.

ಇಲ್ಲಿಂದ ಮ್ಯಾಗ್ನೆಟ್ ಕಥೆ. ಬೇರಿಂಗ್ ಒಳಗಿರೋದೇ ತೊಂದರೆ ಅಂದಮೇಲೆ ಹೊರಗೆ ತಂದುಬಿಟ್ಟರೆ? ಅಂದರೆ ತಟ್ಟೆಯನ್ನು ಬುರುಡೆಯ ಗೋಡೆಗೇ ಸೇರಿಸಿ, ಬುರುಡೆಯನ್ನೇ ತಿರುಗಿಸೋದು. ಆಗ ಬೇರಿಂಗ್ ಆಚೆ ಇರುತ್ತದೆ, ಎಣ್ಣೆಯಲ್ಲಿ ಮುಳುಗಿರುತ್ತದೆ, ಸಾಮಾನ್ಯ ಬೇರಿಂಗ್ ಆದರೂ ನಡೆಯುತ್ತದೆ. ತಟ್ಟೆಯ ಬೆನ್ನಿಗೂ ಎಣ್ಣೆ ನೇರ ತಾಗುತ್ತದೆ. ಫ್ಲಾಸ್ಕಿನ ಕಾಫಿಯನ್ನು ತಟ್ಟೆಗೆ ಸುರಿದು ಆರಿಸಿದ ಹಾಗೆ.

ಆದರೆ ಬುರುಡೆ ಪೂರ್ತಿ ತಿರುಗಿದರೆ ಕ್ಯಾಥೋಡೂ ಜೊತೆಗೆ ತಿರುಗುತ್ತದಲ್ಲ. ಹಾಗಾದರೆ ಎಕ್ಸ್‌ರೇ ಹೊರಡುವ ಬಿಂದುವೂ ಗಿರಗಿರ ಸುತ್ತುತ್ತದೆ, ಚಿತ್ರ ಬರಲ್ಲ. ಬುರುಡೆ, ತಟ್ಟೆ ತಿರುಗಬೇಕು, ಕ್ಯಾಥೋಡ್ ಮಾತ್ರ ನಿಂತಲ್ಲೇ ನಿಲ್ಲಬೇಕು. ಸುತ್ತ ಎಲ್ಲ ತಿರುಗ್ತಿರೋವಾಗ ಒಳಗಿನ ಒಂದು ವಸ್ತುವನ್ನು ಹಿಡಿದುಕೊಳ್ಳೋದು ಹೇಗೆ? ಮುಟ್ಟೋ ಹಾಗಿಲ್ಲ, ತೂತು ಕೊರೆಯೋ ಹಾಗಿಲ್ಲ.

ಒಂದು ಖಾಲಿ ಪ್ಲಾಸ್ಟಿಕ್ ನೀರಿನ ಬಾಟಲಿ ತಗೊಳ್ಳಿ. ಒಳಗೆ ಒಂದು ಸಣ್ಣ ಬೋಲ್ಟ್ ಹಾಕಿ ಮುಚ್ಚಳ ಮುಚ್ಚಿ. ಹಳೇ ಸ್ಪೀಕರ್‌ನ ಮ್ಯಾಗ್ನೆಟ್ ಒಂದನ್ನು ಹೊರಗಿನಿಂದ ಬೋಲ್ಟ್ ಹತ್ತಿರ ಹಿಡಿದು, ಬಾಟಲಿಯನ್ನು ಇನ್ನೊಂದು ಕೈಯಲ್ಲಿ ನಿಧಾನ ತಿರುಗಿಸಿ. ಬಾಟಲಿ ತಿರುಗುತ್ತದೆ, ಬೋಲ್ಟ್ ಅಲ್ಲೇ ಇರುತ್ತದೆ. ನಾನು ಅಡುಗೆಮನೆಯಲ್ಲಿ ಇದನ್ನು ಮಾಡಿ ಕೂತಿದ್ದಾಗ ಮನೆಯವರು ನೋಡಿದ ನೋಟ ಬೇರೆ ವಿಷಯ, ಬಿಡಿ. 1980ರ ದಶಕದಿಂದಲೇ ಅಮೆರಿಕದ ಪೇಟೆಂಟ್‌ಗಳಲ್ಲಿ ಇರೋ ಉಪಾಯದ ತಿರುಳು ಇಷ್ಟೇ. ಕ್ಯಾಥೋಡ್ ಅನ್ನು ಬುರುಡೆಯ ಮಧ್ಯದಲ್ಲಿ ಒಂದು ಬೇರಿಂಗ್ ಮೇಲೆ ಕೂರಿಸು, ಹೊರಗಿನ ಮ್ಯಾಗ್ನೆಟ್ ಗೋಡೆಯ ಆಚೆಯಿಂದಲೇ ಅದನ್ನು ಹಿಡಿದುಕೊಂಡಿರಲಿ.

ಬಾಟಲಿ ಆಟವನ್ನು ಇನ್ನೊಂದು ಸ್ವಲ್ಪ ಹೊತ್ತು ಆಡಿದರೆ ತೊಂದರೆಗಳೂ ಅಲ್ಲೇ ಕಾಣುತ್ತವೆ.

ಬೋಲ್ಟ್ ಗೋಡೆಗೆ ಒತ್ತಿಕೊಂಡು ಕೆರೆಯುತ್ತಿರುತ್ತದೆ ನೋಡಿ. ಮ್ಯಾಗ್ನೆಟ್ ಸುತ್ತ ತಿರುಗದಂತೆ ಹಿಡಿಯೋದರ ಜೊತೆ ತನ್ನ ಕಡೆಗೂ ಎಳೆಯುತ್ತದೆ. ಅದಕ್ಕೆ ಮ್ಯಾಗ್ನೆಟ್‌ಗಳನ್ನು ಸುತ್ತಲೂ ಜೋಡಿಸಿ ಎಳೆತಗಳು ಒಂದನ್ನೊಂದು ಹೊಡೆದು ಹಾಕುವ ಹಾಗೆ ಮಾಡಬೇಕು. ಆಗಲೂ ಪೂರ್ತಿ ನೆಮ್ಮದಿ ಇಲ್ಲ. ಒಳಗಿನ ಭಾಗ ಕೂದಲೆಳೆಯಷ್ಟು ಒಂದು ಕಡೆ ಜರುಗಿದರೂ ಆ ಕಡೆಯ ಎಳೆತ ಜಾಸ್ತಿಯಾಗಿ ಇನ್ನಷ್ಟು ಜರುಗುತ್ತದೆ. ಬರೀ ಶಾಶ್ವತ ಮ್ಯಾಗ್ನೆಟ್‌ಗಳಿಂದ ಒಂದು ವಸ್ತುವನ್ನು ಎಲ್ಲ ದಿಕ್ಕಿನಲ್ಲೂ ಸ್ಥಿರವಾಗಿ ತೇಲಿಸಿ ನಿಲ್ಲಿಸೋಕೆ ಆಗಲ್ಲ ಅಂತ ಸ್ಯಾಮ್ಯುಯೆಲ್ ಅರ್ನ್‌ಷಾ 1842ರಲ್ಲೇ ಲೆಕ್ಕ ಹಾಕಿ ತೋರಿಸಿಬಿಟ್ಟಿದ್ದಾರೆ. ಆದ್ದರಿಂದ "ಮ್ಯಾಗ್ನೆಟ್ ಮೇಲೆ ತೇಲುವ ಟ್ಯೂಬ್" ಅಂತ ಯಾರಾದರೂ ಹೇಳಿದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ. ಇಲ್ಲಿ ಭಾರ ಹೊರೋದು ಬೇರಿಂಗೇ. ಮ್ಯಾಗ್ನೆಟ್ ಮಾಡೋದು ಒಂದೇ ಕೆಲಸ, ಕ್ಯಾಥೋಡ್ ಸುತ್ತದ ಹಾಗೆ ಹಿಡಿಯೋದು. ಹಾಗಂದರೆ ಒಳಗೆ ಒಂದು ಬೇರಿಂಗ್ ಉಳಿದೇ ಉಳಿಯಿತು ಅಲ್ವಾ? ಹೌದು, ಉಳಿಯಿತು. ಆದರೆ ಅದು ಹೊರಬೇಕಾದ್ದು ಹಗುರವಾದ ಕ್ಯಾಥೋಡ್ ಅನ್ನು ಮಾತ್ರ, ಕೆಂಪಗೆ ಕಾದ ತಟ್ಟೆಯನ್ನಲ್ಲ. ಇದು ಸಣ್ಣ ಲಾಭವಲ್ಲ.

ಎರಡನೆಯದು ಅಲುಗಾಟ. ಮ್ಯಾಗ್ನೆಟ್ ಹಿಡಿತ ಬಿಗಿ ಸರಪಳಿ ತರಹ ಅಲ್ಲ, ಸ್ಪ್ರಿಂಗ್ ತರಹ. ಒಳಗಿನ ಬೇರಿಂಗ್ ಸ್ವಲ್ಪ ಎಳೆದಾಡಿದರೆ ಕ್ಯಾಥೋಡ್ ತೊಟ್ಟಿಲಿನ ಹಾಗೆ ಆ ಕಡೆ ಈ ಕಡೆ ತೂಗುತ್ತದೆ. ಎಷ್ಟು ತೂಗಬಹುದು? ಕ್ಯಾಥೋಡ್ ಕೂತಿರೋದು ಮಧ್ಯದ ಬೇರಿಂಗ್ ಮೇಲಾದರೂ, ಅದರ ಫಿಲಮೆಂಟ್ ಬುರುಡೆಯ ಮಧ್ಯದಿಂದ 5 ಸೆಂಟಿಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಒಂದೇ ಒಂದು ಡಿಗ್ರಿ ಅಲುಗಿದರೂ ಬಿಂದು ಸುಮಾರು 0.9 ಮಿಲಿಮೀಟರ್ ಜರುಗುತ್ತದೆ. ಬಿಂದುವಿನ ಗಾತ್ರವೇ ಸುಮಾರು ಒಂದು ಮಿಲಿಮೀಟರ್. ಅಂದರೆ ರಾಗಿ ಕಾಳು ಪಕ್ಕದ ರಾಗಿ ಕಾಳಿನ ಜಾಗಕ್ಕೆ ಹೋಗಿ ಕೂತ ಹಾಗೆ, ಚಿತ್ರ ಮಸುಕು. ಆದ್ದರಿಂದ ಹಿಡಿದರೆ ಸಾಲದು, ಅಲುಗಾಟವನ್ನು ಬೇಗ ಸಾಯಿಸಲೂಬೇಕು. ಅದಕ್ಕೆ ಒಳ್ಳೆಯ ಉದಾಹರಣೆ ಮನೆಯ ಹಳೇ ಕರೆಂಟ್ ಮೀಟರ್‌ನಲ್ಲೇ ಇತ್ತು. ಗಾಜಿನ ಹಿಂದೆ ಒಂದು ಅಲ್ಯೂಮಿನಿಯಂ ಬಿಲ್ಲೆ ತಿರುಗುತ್ತಿತ್ತು, ಅದರ ಅಂಚನ್ನು ಕಚ್ಚಿಕೊಂಡ ಹಾಗೆ ಒಂದು ಮ್ಯಾಗ್ನೆಟ್ ಕೂತಿರುತ್ತಿತ್ತು, ನೆನಪಿದೆಯಾ? ಅದು ಬ್ರೇಕು. ಲೋಹ ಮ್ಯಾಗ್ನೆಟ್ ಎದುರು ಓಡಿದರೆ ಲೋಹದೊಳಗೆ ಸುಳಿ ಕರೆಂಟ್ ಹುಟ್ಟಿ ಓಟವನ್ನು ತಡೆಯುತ್ತದೆ. ಕ್ಯಾಥೋಡ್ ಹಿಡಿತದ ಜಾಗದಲ್ಲಿ ಒಂದು ತಾಮ್ರದ ಫಲಕ ಇಟ್ಟರೆ ಅದೂ ಹೀಗೇ ತೂಗಾಟ ನಿಲ್ಲಿಸುತ್ತದೆ.

ಆದರೆ ಇದೇ ಸುಳಿ ಕರೆಂಟ್ ಇನ್ನೊಂದು ಕಡೆ ಕೈ ಕೊಡುತ್ತದೆ. ಮ್ಯಾಗ್ನೆಟ್‌ಗೂ ಕ್ಯಾಥೋಡ್‌ಗೂ ನಡುವೆ ತಿರುಗ್ತಿರೋ ಗೋಡೆ ಇದೆಯಲ್ಲ, ಅದು ಲೋಹದ್ದಾದರೆ ಸುಳಿ ಕರೆಂಟ್ ಅಲ್ಲೂ ಹುಟ್ಟುತ್ತದೆ. ಗೋಡೆ ಬಿಸಿಯಾಗುತ್ತದೆ, ತಿರುಗೋಕೆ ಬ್ರೇಕ್ ಬೀಳುತ್ತದೆ. ಹಾಗಾಗಿ ಆ ಭಾಗವನ್ನು ಗಾಜಿನಲ್ಲೋ ಸೆರಾಮಿಕ್‌ನಲ್ಲೋ ಮಾಡಬೇಕು. ಒಂದು ಕಡೆ ಕೇಳಿ ತಂದ ನೆಂಟ ಇನ್ನೊಂದು ಕಡೆ ಕರೆಯದೇ ಬಂದು ಕೂರೋ ಹಾಗೆ.

ಮ್ಯಾಗ್ನೆಟ್ ಎಲೆಕ್ಟ್ರಾನ್‌ಗಳನ್ನೂ ಬಗ್ಗಿಸುತ್ತದೆ, ಆದ್ದರಿಂದ ಹಿಡಿತದ ಮ್ಯಾಗ್ನೆಟ್‌ಗಳು ಕಿರಣದ ದಾರಿಯಿಂದ ದೂರ ಇರಬೇಕು. ಫಿಲಮೆಂಟ್‌ಗೆ ಕರೆಂಟ್ ಕೊಡೋದು ಹೇಗೆ ಅಂದರೆ, ಫೋನಿನ ವೈರ್‌ಲೆಸ್ ಚಾರ್ಜರ್ ತರಹ ಒಂದು ಕಾಯಿಲ್ ಹೊರಗೆ, ಒಂದು ಒಳಗೆ.

ಬಿಸಿಯ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು. ಸಾಮಾನ್ಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳೋಕೆ ಶುರು ಮಾಡುತ್ತದೆ. ಟ್ಯೂಬ್ ತಯಾರಿಸುವಾಗ ಒಳಗಿನ ಕಸ ಗಾಳಿಯೆಲ್ಲ ಹೋಗಲಿ ಅಂತ ನೂರಾರು ಡಿಗ್ರಿಯಲ್ಲಿ ಬೇಯಿಸುತ್ತಲೇ ಪಂಪ್ ಹೊಡೆಯುತ್ತಾರೆ. ಒಳಗೆ ನಿಯೋಡಿಮಿಯಂ ಇಟ್ಟರೆ ಕಾರ್ಖಾನೆಯಲ್ಲೇ ಸತ್ತಿರುತ್ತದೆ. ಸಮೇರಿಯಂ-ಕೋಬಾಲ್ಟ್ ಮ್ಯಾಗ್ನೆಟ್ 300 ಡಿಗ್ರಿವರೆಗೂ ತಡೆಯುತ್ತದೆ, ದುಬಾರಿ. ನನಗೆ ಜಾಣತನ ಅನ್ನಿಸೋದು ಮೂರನೇ ದಾರಿ. ಒಳಗೆ ಮ್ಯಾಗ್ನೆಟ್ಟೇ ಬೇಡ, ಹಲ್ಲು ಹಲ್ಲಾಗಿ ಕೊರೆದ ಕಬ್ಬಿಣದ ತುಂಡು ಸಾಕು, ಬಾಟಲಿಯ ಬೋಲ್ಟ್ ತರಹ. ಮ್ಯಾಗ್ನೆಟ್ ಎಲ್ಲ ಹೊರಗೆ ಇರಲಿ. ದುರ್ಬಲವಾದರೆ ಬದಲಿಸಬಹುದು, ಬೇಯಿಸೋವಾಗ ತೆಗೆದಿಡಬಹುದು.

ಇಷ್ಟೆಲ್ಲ ಓದಿ ಆಸ್ಪತ್ರೆಗೆ ಹೋಗಿ ಈ ಟ್ಯೂಬ್ ಹುಡುಕಬೇಡಿ. ಅಲ್ಲಿಗೆ ಬಂದು ಸೇರಿದ್ದು ಇದರ ದಾಯಾದಿ. 2003ರ ಹೊತ್ತಿಗೆ ಸೀಮೆನ್ಸ್ ಕಂಪನಿ ಸ್ಟ್ರಾಟಾನ್ ಅನ್ನೋ ಟ್ಯೂಬ್ ತಂದಿತು. ಅದರಲ್ಲೂ ಬುರುಡೆ ಪೂರ್ತಿ ತಿರುಗುತ್ತದೆ, ಬೇರಿಂಗ್ ಹೊರಗೆ ಎಣ್ಣೆಯಲ್ಲಿ. ಆದರೆ ಕ್ಯಾಥೋಡ್ ಅನ್ನು ಹಿಡಿದಿಡೋ ಗೋಜಿಗೇ ಅವರು ಹೋಗಲಿಲ್ಲ. ಅದನ್ನು ನಡುಮಧ್ಯಕ್ಕೆ ಕೂರಿಸಿದರು, ಮಧ್ಯದಲ್ಲಿದ್ದದ್ದು ತಿರುಗಿದರೂ ಇದ್ದಲ್ಲೇ ಇರುತ್ತದಲ್ಲ. ಆಮೇಲೆ ಹೊರಗಿನ ಕಾಯಿಲ್‌ಗಳಿಂದ ಎಲೆಕ್ಟ್ರಾನ್ ಕಿರಣವನ್ನೇ ಬಗ್ಗಿಸಿ, ತಟ್ಟೆಯ ಅಂಚಿಗೆ, ಯಾವಾಗಲೂ ಒಂದೇ ದಿಕ್ಕಿಗೆ ಬೀಳುವ ಹಾಗೆ ಮಾಡಿದರು. ಅಲ್ಲಿ ಮ್ಯಾಗ್ನೆಟ್ ಹಿಡಿಯೋದು ಭಾಗವನ್ನಲ್ಲ, ಕಿರಣವನ್ನು. ಕಿರಣಕ್ಕೆ ತೂಕವೇ ಇಲ್ಲ ಅನ್ನಬಹುದು, ತೊಟ್ಟಿಲಿನ ಹಾಗೆ ತೂಗಲ್ಲ. ಬೇಕೆಂದಾಗ ಬಿಂದುವನ್ನು ಸ್ವಲ್ಪ ಆಚೀಚೆ ಜರುಗಿಸಿ ಇನ್ನೂ ಸ್ಪಷ್ಟ ಚಿತ್ರ ತೆಗೆಯಬಹುದು, ಅದನ್ನೂ ಮಾಡಿದರು. ಬಿಸಿ ಹೊರಹಾಕೋ ಲೆಕ್ಕ ನಿಮಿಷಕ್ಕೆ ಸುಮಾರು 5 ಮೆಗಾ ಹೀಟ್ ಯೂನಿಟ್. ಇದನ್ನು ನಮ್ಮ ಲೆಕ್ಕಕ್ಕೆ ತಿರುಗಿಸಿದರೆ ಸುಮಾರು 60 ಕಿಲೋವ್ಯಾಟ್, ಅಂದರೆ ಮೊದಲು ಹೇಳಿದ ಎಂಟು ಮೋಟಾರ್‌ಗಳ ಬಿಸಿ ಬಂದ ಹಾಗೇ ಹೋಗುತ್ತದೆ.

ಪುಕ್ಕಟೆ ಏನೂ ಅಲ್ಲ. ಎಣ್ಣೆಯಲ್ಲಿ ಬುರುಡೆ ತಿರುಗಿಸೋದು ಅಂದರೆ ತುಂಬಿದ ಪಾತ್ರೆಯಲ್ಲಿ ಮುದ್ದೆ ಕೋಲು ತಿರುವಿದ ಹಾಗೆ. ವೇಗ ಎರಡರಷ್ಟು ಮಾಡಿದರೆ ಬೇಕಾದ ಪವರ್ ಹತ್ತಿರ ಹತ್ತಿರ ಎಂಟರಷ್ಟು. ಆದ್ದರಿಂದ ಬುರುಡೆ ಚಿಕ್ಕದಿರಬೇಕು. ಎಣ್ಣೆ ಪಂಪ್ ನಿಂತರೆ ಟ್ಯೂಬೂ ನಿಲ್ಲಬೇಕು. ಅಷ್ಟರಲ್ಲಿ ಎದುರಾಳಿಯೂ ಸುಮ್ಮನೆ ಕೂತಿರಲಿಲ್ಲ. 1989ರಲ್ಲೇ ಫಿಲಿಪ್ಸ್, ಗುಂಡುಗಳನ್ನೇ ತೆಗೆದುಹಾಕಿ ಗ್ಯಾಲಿಯಂ, ಇಂಡಿಯಂ, ತವರ ಬೆರೆಸಿದ ದ್ರವ ಲೋಹದ ಬೇರಿಂಗ್ ತಂದಿತ್ತು. ಅದು ವ್ಯಾಕ್ಯೂಮ್‌ನಲ್ಲಿ ಆವಿಯಾಗಲ್ಲ, ಸವೆಯಲ್ಲ, ಬಿಸಿಯನ್ನೂ ದಾಟಿಸುತ್ತದೆ. ಅದಕ್ಕೇ ಬುರುಡೆ ತಿರುಗಿಸೋ ದಾರಿ ಎಲ್ಲರ ದಾರಿ ಆಗಲಿಲ್ಲ.

ಈಗ ಇದು ನಮಗೆ ಯಾಕೆ ಅನ್ನೋದಕ್ಕೆ ಬರ್ತೀನಿ. ಗ್ಯಾಲಿಯಂ ರಫ್ತಿಗೆ ಚೀನಾ 2023ರ ಆಗಸ್ಟ್‌ನಿಂದ ಲೈಸೆನ್ಸ್ ಕೇಳುತ್ತಿದೆ. 2025ರ ಫೆಬ್ರವರಿಯಲ್ಲಿ ಟಂಗ್‌ಸ್ಟನ್, ಮಾಲಿಬ್ಡಿನಮ್, ಇಂಡಿಯಂ ಪಟ್ಟಿಗೆ ಸೇರಿದವು. ಏಪ್ರಿಲ್‌ನಲ್ಲಿ ಸಮೇರಿಯಂ. ಈ ಪಟ್ಟಿಯನ್ನು ನೋಡಿದರೆ ಯಾರೋ ಎಕ್ಸ್‌ರೇ ಟ್ಯೂಬ್ ಬಿಚ್ಚಿ ಟೇಬಲ್ ಮೇಲೆ ಜೋಡಿಸಿ ಬರೆದ ಹಾಗಿದೆ. ತಟ್ಟೆಯ ಮುಖಕ್ಕೆ ಟಂಗ್‌ಸ್ಟನ್, ಬೆನ್ನಿಗೆ ಮಾಲಿಬ್ಡಿನಮ್, ಬೇರಿಂಗ್‌ಗೆ ಗ್ಯಾಲಿಯಂ, ಇಂಡಿಯಂ, ಮ್ಯಾಗ್ನೆಟ್‌ಗೆ ಸಮೇರಿಯಂ, ಎಲ್ಲ ಬಂತು. ನಮ್ಮಲ್ಲಿ ವಿಶಾಖಪಟ್ಟಣದಲ್ಲಿ ಕೇಂದ್ರ ಸರ್ಕಾರದ ಕಂಪನಿ ಐಆರ್‌ಇಎಲ್‌ನ ಸಮೇರಿಯಂ-ಕೋಬಾಲ್ಟ್ ಮ್ಯಾಗ್ನೆಟ್ ಘಟಕ ಇದೆ, ವರ್ಷಕ್ಕೆ 3,000 ಕಿಲೋ ಅದರ ಸಾಮರ್ಥ್ಯ. 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಅಪರೂಪದ ಲೋಹಗಳ ಮ್ಯಾಗ್ನೆಟ್ ತಯಾರಿಕೆಗೆ 7,280 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಕಾರ್ ಮೋಟಾರ್‌ಗಳ ದೊಡ್ಡ ಗಿರಾಕಿ ಎದುರು ಟ್ಯೂಬ್ ಮಾಡುವವರ ಸರದಿ ಯಾವಾಗ ಬರುತ್ತೋ.

ಟಂಗ್‌ಸ್ಟನ್ ಅಂದಾಗ ನಮ್ಮ ಕೆಜಿಎಫ್ ನೆನಪಾಗದೇ ಇರಲ್ಲ. ಗಣಿ ಮುಚ್ಚಿದ್ದು 2001ರಲ್ಲಿ, ಸೈನೈಡ್ ಗುಡ್ಡಗಳು ಮಾತ್ರ ಹಾಗೇ ನಿಂತಿವೆ. ಚಿನ್ನ ತೆಗೆದು ಎಸೆದ ಆ ಮಣ್ಣಿನಲ್ಲಿ ಷೀಲೈಟ್ ಇದೆ, ಅದು ಟಂಗ್‌ಸ್ಟನ್ನಿನ ಅದಿರು. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ನೀಲಿ ಬಿಳುಪಾಗಿ ಹೊಳೆಯುವ ಕಲ್ಲು. ಪ್ರಮಾಣ ತೀರಾ ಕಡಿಮೆ, ಗಿಟ್ಟುತ್ತಾ ಅನ್ನೋದು ಬೆಲೆ ಏರಿದ ಹಾಗೆಲ್ಲ ಮತ್ತೆ ಮತ್ತೆ ಕೇಳುವ ಪ್ರಶ್ನೆ. ಗಾಳಿ ಎದ್ದಾಗ ಆ ಧೂಳು ಬಟ್ಟೆ ಮೇಲೆ ಕೂರೋದನ್ನು ನೋಡಿದವರಿಗೆ ಗುಡ್ಡ ಕದಲಿಸೋಣ ಅಂದರೆ ಬೇರೆಯೇ ಯೋಚನೆ ಬರುತ್ತದೆ, ಅದೂ ನಿಜ.

ಆದರೆ ದೊಡ್ಡಪ್ಪನ ಎಂಟು ಹತ್ತು ದಿನಕ್ಕೆ ಕಾರಣ ಟಂಗ್‌ಸ್ಟನ್ ಅಲ್ಲ. ಆ ಸೆಂಟರಿನವರು ಸಿಎಂಸಿ, ಅಂದರೆ ಬಿಡಿಭಾಗಗಳೂ ಸೇರಿದ ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್ ಮಾಡಿಸಿದ್ದರು, ಟ್ಯೂಬ್ ಬಿಟ್ಟು. ಅದರಲ್ಲಿ ಟ್ಯೂಬ್ ಸೇರಿ ಒಂದು ರೇಟು, ಟ್ಯೂಬ್ ಬಿಟ್ಟು ಒಂದು ರೇಟು ಇರುತ್ತದೆ, ಕಡಿಮೆ ಕಂಡದ್ದಕ್ಕೆ ಸೈನ್ ಹಾಕಿದ್ದರು. ಸಣ್ಣ ಊರುಗಳಲ್ಲಿ ಮಿಷನ್ ತರೋವಾಗ ಎಷ್ಟು ಸ್ಲೈಸ್, ಅಂದರೆ ಒಂದು ಸುತ್ತಿಗೆ ಎಷ್ಟು ಪದರದ ಚಿತ್ರ, ಅಂತ ಬೋರ್ಡಿನ ಮೇಲೆ ಬರೆಸೋಕೆ ಕೇಳುತ್ತಾರೆ. ಬೇರಿಂಗ್ ಗುಂಡಿನದ್ದಾ, ದ್ರವ ಲೋಹದ್ದಾ, ಬುರುಡೆ ತಿರುಗೋದಾ, ಗ್ಯಾರಂಟಿ ವರ್ಷದ ಲೆಕ್ಕವಾ, ಸ್ಕ್ಯಾನ್ ಲೆಕ್ಕವಾ, ಬದಲಿ ಟ್ಯೂಬ್ ಬೆಂಗಳೂರಲ್ಲಿ ಸ್ಟಾಕ್ ಇರುತ್ತಾ, ಇವನ್ನು ಕೇಳಿದರೆ ಮಾರೋಕೆ ಬಂದವರು ಒಂದು ಕ್ಷಣ ಫೈಲ್ ತಿರುವಿ ಹಾಕುತ್ತಾರೆ. ಕೇಳಬೇಕು.

ಇದನ್ನೆಲ್ಲ ರಿವೈಂಡಿಂಗ್ ಸ್ನೇಹಿತನಿಗೆ ಬಾಟಲಿ, ಬೋಲ್ಟ್ ಸಮೇತ ತೋರಿಸಿದೆ. ಅವನು ಬಾಟಲಿಯನ್ನು ಜೋರಾಗಿ ತಿರುಗಿಸಿದ, ಬೋಲ್ಟ್ ಹಿಡಿತ ತಪ್ಪಿ ಟಕ್ ಅಂತ ಹಾರಿತು. "ಸ್ಟಾರ್ಟ್ ಮಾಡೋವಾಗ ನಿಧಾನ ಮಾಡ್ಬೇಕು" ಅಂದ, ತನ್ನ ಮೋಟಾರ್‌ಗೆ ಹೇಳಿಕೊಂಡ ಹಾಗೆ. ಆಮೇಲೆ, "ಬೇರಿಂಗ್ ಆಚೆಗೇ ಬಂತು ಅಂತೀಯಲ್ಲ, ಹಾಗಾದ್ರೆ ಅದೊಂದನ್ನೇ ಬದಲಾಯಿಸ್ತಾರಾ?" ಅಂತ ಕೇಳಿದ.

ಇಲ್ಲ. ಬೇರಿಂಗ್ ವ್ಯಾಕ್ಯೂಮ್‌ನಿಂದ ಆಚೆ ಬಂದಿದೆ, ಸೀಲ್ ಮಾಡಿದ ಎಣ್ಣೆ ಡಬ್ಬಿಯಿಂದ ಆಚೆ ಬಂದಿಲ್ಲ. ಆಸ್ಪತ್ರೆಯಲ್ಲಿ ಅದನ್ನು ಯಾರೂ ಬಿಚ್ಚಲ್ಲ, ಡಬ್ಬಿ ಸಮೇತ ಹಳೆಯದನ್ನು ಇಳಿಸಿ ಹೊಸದನ್ನು ಏರಿಸುತ್ತಾರೆ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು, ಬಾಟಲಿಯನ್ನು ಕಸದ ಡಬ್ಬಿಗೆ ಹಾಕಿ, ಬೋಲ್ಟ್ ಅನ್ನು ಮಾತ್ರ ತೆಗೆದು ಡ್ರಾಯರ್‌ಗೆ ಹಾಕಿಕೊಂಡ.